ನೆಲಮಾಳಿಗೆಗೆ ಗಾಳಿ ಕೇಳಿದ ಗೋಪಾಲಣ್ಣ

ಗೋಪಾಲಣ್ಣನ ಕಿಸೆಯಲ್ಲಿ ಯಾವಾಗಲೂ ಒಂದು ಕಟ್ಟು ಊದುಬತ್ತಿ ಇರುತ್ತಿತ್ತು. ಮೊದಲ ಸಲ ನಾನು ಕೆಲಸಕ್ಕಿದ್ದ ಅಂಗಡಿಗೆ ಬಂದಾಗ ಭಾರೀ ಭಕ್ತರೆಂದುಕೊಂಡೆ. ಅವರು ಬತ್ತಿ ಹಚ್ಚಿ, ಸ್ಟೂಲ್ ಹತ್ತಿ, ಛಾವಣಿಯ ಗಾಳಿಜಾಲರಿಗೆ ಹಿಡಿದರು.

"ಇದು ದೇವರಿಗಲ್ಲ ಮಾರಾಯ್ತಿ. ಗಾಳಿ ಯಾವ ಕಡೆ ಹೋಗ್ತದೆ ಅಂತ ಹೊಗೆ ಹೇಳ್ತದೆ. ಧಣಿಗಳು ಹೇಳುವುದಿಲ್ಲ."

ಅವರ ಊರು ಬೆಳ್ಮಣ್ಣು. ಉಡುಪಿ, ಮಣಿಪಾಲದ ಎಷ್ಟೋ ಕಟ್ಟಡಗಳಿಗೆ ತಗಡಿನ ಗಾಳಿಕೊಳವೆ ಕೂರಿಸಿದವರು. ಗಾಜು ಹೊದ್ದ ಹೊಸ ಕಟ್ಟಡ ಕಂಡರೆ ಸಾಕು, "ಚಂದ ಉಂಟು. ಒಳಗಿದ್ದವರು ಉಸಿರಾಡುವುದು ಎಲ್ಲಿಂದ?" ಎಂದು ಶುರುಮಾಡುತ್ತಿದ್ದರು.

ನಾನಾಗ ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರದ ಬಟ್ಟೆ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಸೀರೆ ತೋರಿಸುತ್ತಿದ್ದೆ. ನಾವು ಒಂಬತ್ತು ಹುಡುಗಿಯರು. ಹೊರಗೋಡೆಯ ಆಗ್ನೇಯ ಮೂಲೆಯ ಒಂದೇ ಕಿಂಡಿಯಿಂದ ಫ್ಯಾನು ನಮಗೆ ಗಾಳಿ ಎಳೆದು ಕೊಡುತ್ತಿತ್ತು. ಯಾವನೋ ವಾಸ್ತುವಿನವನು ಬೆಂಕಿಗೆ ಆಗ್ನೇಯವೇ ಸರಿ ಎಂದ. ಧಣಿ ಜನರೇಟರನ್ನು ತಂದು ಹೊರಗೆ ಅದೇ ಕಿಂಡಿಯ ಕೆಳಗಿಟ್ಟ. ಕರೆಂಟ್ ಹೋದಾಗಲೆಲ್ಲ ಡೀಸೆಲ್ ಹೊಗೆ ನಮ್ಮ ತಲೆಯ ಮೇಲೆ. ತಲೆ ಸಿಡಿಯುತ್ತಿತ್ತು, ಸುಶೀಲಾ ವಾಂತಿ ಮಾಡುತ್ತಿದ್ದಳು. "ಬೆಳಿಗ್ಗೆ ಸರಿಯಾಗಿ ತಿಂದು ಬನ್ನಿ" ಎನ್ನುತ್ತಿದ್ದ, ಮೇಲೆ ಬಾಗಿಲ ಬಳಿ ಕೂತ ಆ ಪುಣ್ಯಾತ್ಮ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಗೋಪಾಲಣ್ಣ ಫ್ಯಾನಿನ ಸರ್ವಿಸಿಗೆ ಬಂದಾಗ ನಾನೇ ಮೆಲ್ಲಗೆ ಹೇಳಿದೆ. ಅವರು ಧಣಿಯನ್ನು ನೇರ ಕೆಳಗೆ ಕರೆತಂದರು.

"ಜನರೇಟರ್ ಆಚೆ ಇಡಿ. ಇಲ್ಲದಿದ್ದರೆ ಒಳ್ಳೆ ಗಾಳಿಗೆ ತಾರಸಿಯಿಂದ ಕೊಳವೆ ಇಳಿಸ್ತೇನೆ."

"ಕೊಳವೆ ಬಂದರೆ ಎದುರಿನ ಅಂಗಡಿ ಬೋರ್ಡು ಮುಚ್ಚಿಹೋಗ್ತದೆ. ಜನರೇಟರ್ ವಾಸ್ತು ಪ್ರಕಾರ ಉಂಟು."

"ನಿಮ್ಮ ವಾಸ್ತುವಿಗೆ ಮೂಗು ಉಂಟಾ? ಈ ಮಕ್ಕಳು ಹೊಗೆ ಕುಡೀತಾ ಇದ್ದಾರೆ. ಬೇಕಾದರೆ ಅವರನ್ನೇ ಕೇಳಿ."

ಧಣಿ ನಮ್ಮತ್ತ ತಿರುಗಿದ. "ಯಾರಿಗಾದರೂ ಎಂತಾದರೂ ತೊಂದರೆ ಉಂಟಾ?"

ಒಬ್ಬೊಬ್ಬರನ್ನೇ ಕೇಳಿದ. ಎಲ್ಲರಿಗೂ ಕೆಲಸ ಹೋಗುವ ಹೆದರಿಕೆ. ಸುಶೀಲಾಳೂ "ಇಲ್ಲ ಸರ್" ಎಂದಳು. ಕೊನೆಗೆ ನನ್ನ ಸರದಿ. ಗೋಪಾಲಣ್ಣ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಸರ್" ಎಂದೆ.

ಅವರು ನನ್ನನ್ನು ಬಯ್ಯಲಿಲ್ಲ. ಬಯ್ಯಬೇಕಿತ್ತು. ಚೀಲಕ್ಕೆ ಸ್ಪ್ಯಾನರುಗಳನ್ನು ತುಂಬಿಕೊಂಡು, ಹೋಗುವಾಗ ನನ್ನ ಪಕ್ಕ ಒಂದು ಗಳಿಗೆ ನಿಂತರು. "ಕರೆಂಟ್ ಹೋದ ಕೂಡಲೇ ಏನಾದರೂ ನೆವ ಹೇಳಿ ಮೇಲೆ ಹೋಗಿ. ಆ ವಾಂತಿ ಮಾಡುವ ಹುಡುಗಿಯನ್ನೂ ಕರಕೊಂಡು ಹೋಗಿ" ಎಂದರು. ಧಣಿ ಅವರನ್ನು ಮತ್ತೆ ಕರೆಸಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮರುವಾರ ಗಿರಾಕಿಗಳ ನಡುವೆ ನೆವ ಹೇಳಿ ಮೇಲೆ ಹೋಗಲಾಗಲಿಲ್ಲ; ಜನರೇಟರ್ ಓಡುತ್ತಿದ್ದಾಗ ಸುಶೀಲಾ ಎಚ್ಚರ ತಪ್ಪಿ ಸೀರೆರಾಶಿಯ ಮೇಲೆ ಬಿದ್ದಳು. ಅವಳನ್ನು ರಿಕ್ಷಾಕ್ಕೆ ಹತ್ತಿಸುವಾಗ ಧಣಿ ಗಿರಾಕಿಗಳ ಮುಂದೆ ಹೇಳಿದ: "ನಾನು ಅವತ್ತೇ ಕೇಳಿದ್ದೆ ಅಲ್ವಾ? ತೊಂದರೆ ಇಲ್ಲ ಅಂತ ಇವರೇ ಹೇಳಿದ್ದು."

ಉತ್ತರ ಕೊಡಲು ಗೋಪಾಲಣ್ಣ ಅಲ್ಲಿರಲಿಲ್ಲ. ನಾನಿದ್ದೆ. ಆಗಲೂ ಬಾಯಿ ಬಿಡಲಿಲ್ಲ.