ರಾಜನ ಪರ ಅತ್ತೆ

ನನ್ನ ಪಿತ್ತಕೋಶದ ಆಪರೇಷನ್ನಿಗೆಂದು ಅತ್ತೆ ಮಂಗಳೂರಿನಿಂದ ಗಲ್ಫಿನ ರಿಗ್ಗೈಯಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದರು. ಗಂಜಿ ಕುಡಿಸಿ, ತಲೆ ಬಾಚಿ, ಮಗುವಿನಂತೆ ನೋಡಿಕೊಂಡರು. ನಾನು ಚೇತರಿಸಿಕೊಂಡೆ. ಅಡುಗೆಮನೆ ಮಾತ್ರ ವಾಪಸ್ ಸಿಗಲಿಲ್ಲ. ಸೌಟುಗಳು ಜಾಗ ಬದಲಿಸಿದ್ದವು. ಚಹಾಪುಡಿಯ ಡಬ್ಬಿ, ನನಗಿಂತ ಒಂದು ಗೇಣು ಎತ್ತರದ ಅತ್ತೆಗೆ ಮಾತ್ರ ಎಟಕುವ ಕಪಾಟಿನ ಮೇಲೆ ಕೂತಿತ್ತು. "ಹೊಲಿಗೆ ಹಾಕಿದ ಹೊಟ್ಟೆಗೆ ಚಹಾ ಎಂತಕ್ಕೆ?"

ಕಾನ್ವೆಂಟಿನಲ್ಲಿ ಕೈ ಎತ್ತಿ, ಸಿಸ್ಟರ್ ತಲೆಯಾಡಿಸಿದ ಮೇಲೆಯೇ ಮಾತಾಡಿ ಬೆಳೆದವಳು ನಾನು. ಎರಡು ತಿಂಗಳು ನನ್ನದೇ ಅಡುಗೆಮನೆಯ ಬಾಗಿಲಲ್ಲಿ ಮನಸ್ಸಿನಲ್ಲೇ ಕೈ ಎತ್ತಿಕೊಂಡು ನಿಂತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಅತ್ತೆ ಬಂಗುಡೆ ಮೀನು ಕ್ಲೀನ್ ಮಾಡುತ್ತಿದ್ದರು. ಮಗಳು ಪುಸ್ತಕ ಹಿಡಿದು ಬಂದಳು. ಶಾಲೆಯ ಚರ್ಚೆಯಲ್ಲಿ ಅವಳಿಗೆ ಇಂಗ್ಲೆಂಡಿನ ಹಳೆಯ ರಾಜನೊಬ್ಬನ ಪರ ಮಾತಾಡುವ ಸರದಿ ಸಿಕ್ಕಿತ್ತು. "ನೋಬಡಿ ಲೈಕ್ಸ್ ಹಿಮ್, ಮಮ್ಮಿ!"

"ಯಾರಂತೆ ಅವನು?" ಎಂದರು ಅತ್ತೆ.

ನಾನು ಹೇಳಿದೆ: ಅಮೆರಿಕಕ್ಕೆ ಹೋಗಿ ನೆಲೆಸಿದ ತನ್ನ ಜನರಿಗಾಗಿ ರಾಜ ಫ್ರೆಂಚರ ಮೇಲೆ ಯುದ್ಧ ಮಾಡಿ ಗೆದ್ದ. ಆಮೇಲೆ ಸೈನ್ಯವನ್ನು ಅಲ್ಲೇ ಇಟ್ಟ. ಅವರನ್ನು ಕೇಳದೆ ತೆರಿಗೆ ಹಾಕಿದ, ಚಹಾದ ಮೇಲೂ.

"ಸರಿಯೇ ಮಾಡಿದ. ಕಷ್ಟಕ್ಕೆ ರಾಜ ಬೇಕು, ಆಮೇಲೆ ಬೇಡವಾ? ಶತ್ರು ಪುನಃ ಬಂದರೆ?"

ಮಗಳು ಖುಷಿಯಿಂದ ಬರೆದುಕೊಂಡಳು. ನನ್ನ ಬಾಯಿಂದ ಅದು ಹೇಗೆ ಬಂತೋ! "ಆದರೂ ಅವರನ್ನು ಒಂದು ಮಾತು ಕೇಳಬಹುದಿತ್ತು, ಅತ್ತೆ."

ಕತ್ತಿ ನಿಂತಿತು. "ಅವರಾದರೂ ಹೇಳಬಹುದಿತ್ತಲ್ಲ? ಬಾಯಿ ಇರಲಿಲ್ಲವಾ?"

"ದೇ ರೋಟ್ ಲೆಟರ್ಸ್, ಅಜ್ಜಿ. ರಾಜ ಕೇಳಲೇ ಇಲ್ಲ."

"ಓಹೋ." ಅತ್ತೆ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. "ನನಗೆ ಮಾತ್ರ ಯಾರ ಪತ್ರವೂ ಬರಲಿಲ್ಲಪ್ಪ."

ನಗು ತಡೆಯಲಾಗಲಿಲ್ಲ. ಹೊಲಿಗೆ ಹಾಕಿದ ಜಾಗ ಚುರುಕ್ ಎಂದಿತು. "ಅತ್ತೆ, ಇವತ್ತು ಸಾರು ನಾನು ಮಾಡಲಾ?"

"ಮಾಡು ಮಾರಾಯ್ತಿ! ಮೊದಲೇ ಹೇಳಲಿಕ್ಕೆ ಎಂತ ಆಗಿತ್ತು?" ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಸೋಫಾದಲ್ಲಿ ಕೂತರು.

ಮೊದಲು ಚಹಾ ಮಾಡೋಣವೆಂದು ಸ್ಟೂಲು ಹುಡುಕಿದೆ. ಅತ್ತೆ ಎದ್ದು ಬಂದು, ತಾವೇ ಡಬ್ಬಿ ಇಳಿಸಿ ನನ್ನ ಕೈಗೆ ಕೊಟ್ಟರು. "ನನಗೂ ಅರ್ಧ ಲೋಟ. ಸಕ್ಕರೆ ಎಷ್ಟೆಂದು ನಾನು ಹೇಳುವುದಿಲ್ಲ." ಎಂದು ಹೋಗಿ ಪುನಃ ಕೂತರು.

ಎರಡನೇ ಚಮಚ ಎತ್ತಿದ್ದೆ ಅಷ್ಟೇ, ಸೋಫಾದಿಂದ ಧ್ವನಿ ಬಂತು: "ಒಂದೂವರೆ."