ಬೊಟ್ಟು ಅಳಿಸದ ಒಚ್ಚಪ್ಪನ್

ಘಟ್ಟದ ಬುಡದ ಬೋಡಿ ಊರಿನಲ್ಲಿ ಬೆಳಗಿನ ಐದು ಗಂಟೆ. ಘಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಕೂಲಿಗೆ ಹೊರಟ ಹನ್ನೊಂದು ಹೆಂಗಸರು ಬುತ್ತಿ ಮಡಿಲಲ್ಲಿಟ್ಟುಕೊಂಡು ಒಂದೇ ಜೀಪಿನಲ್ಲಿ ಒತ್ತೊತ್ತಾಗಿ ಕೂತಿದ್ದಾರೆ. ತೆರೆದ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ ನಿಂತವರು ಮೆಕ್ಯಾನಿಕ್ ಒಚ್ಚಪ್ಪನ್, ಐವತ್ತಾರು ವರ್ಷ. ಎಂಜಿನ್ ಓಡುತ್ತಿದೆ, ಡ್ರೈವರ್ ಮುಂದಿನ ಪುಟ್ಟ ಕೆಂಪು ದೀಪ ಮಾತ್ರ ಆರುತ್ತಿಲ್ಲ.

ಎಂಜಿನ್ನಿನಲ್ಲಿ ಆಯಿಲಿನ ಒತ್ತಡ ಕುಸಿದರೆ ಹತ್ತುವ ದೀಪವದು. ಹಣೆಯ ಕುಂಕುಮದಂತೆ ಕಾಣುವುದರಿಂದ ಡ್ರೈವರುಗಳ ಬಾಯಲ್ಲಿ ಅದು 'ಬೊಟ್ಟು'. ಒತ್ತಡ ಗ್ರಹಿಸುವ ಸೆನ್ಸರ್ ಧೂಳಿಗೆ, ಬಿಸಿಗೆ ಆಗಾಗ ಕೆಟ್ಟು ಸುಳ್ಳುಸುಳ್ಳೇ ದೀಪ ಹತ್ತಿಸುವುದುಂಟು. ಆಗ ಅದರ ವೈರು ಕಿತ್ತು ಹೊರಟುಬಿಡುವುದು ರೂಢಿ. ಅದರ ಹೆಸರು 'ಬೊಟ್ಟು ಅಳಿಸೋದು'.

"ಅಳಿಸಿ ಕಳಿಸು ಮಾಮಾ, ಹೊತ್ತಾಯ್ತು. ಸೆನ್ಸರಿಗೆ ತಲೆ ಕೆಟ್ಟಿದೆ," ಎನ್ನುತ್ತಾನೆ ಡ್ರೈವರ್ ಕಾಸಿಮಾಯನ್.

"ಸೆನ್ಸರಿಗೋ ನಿನಗೋ, ನೋಡಿ ಹೇಳ್ತೀನಿ ಇರೋ."

ಎಂಜಿನ್ ನಿಲ್ಲಿಸಿ, ಕಡ್ಡಿ ಅದ್ದಿ ನೋಡಿದರೆ ಆಯಿಲ್ ಮಟ್ಟ ಸರಿಯಿದೆ. ಹೆಬ್ಬೆರಳಿನಷ್ಟು ಗಾತ್ರದ ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಒತ್ತಡ ಅಳೆಯುವ ಮುಳ್ಳಿನ ಮೀಟರು ತಿರುಗಿಸಿ ಕೂರಿಸುತ್ತಾರೆ. ಮತ್ತೆ ಸ್ಟಾರ್ಟ್. ನಲವತ್ತರ ಹತ್ತಿರ ನಿಲ್ಲಬೇಕಾದ ಮುಳ್ಳು ಎಂಟರಲ್ಲಿ ನಡುಗುತ್ತದೆ.

ಒಚ್ಚಪ್ಪನ್ ನಾಲಗೆಯಲ್ಲೇ ಎಂಜಿನ್ನನ್ನು ಅಣಕಿಸುತ್ತಾರೆ: "ಹೊಟ್ಟೆ ತುಂಬಿದ್ರೆ ದುಡುದುಡು ಅನ್ನುತ್ತೆ. ಇದು ಕಟಕಟ, ಕಟಕಟ. ಹಲ್ಲು ಕಡೀತಿದೆ. ಸೆನ್ಸರ್ ನಿಜಾನೇ ಹೇಳ್ತಿದೆ. ಗಾಡಿ ಹೋಗಲ್ಲ."

"ಹೋಗಲ್ಲ ಅಂದ್ರೆ?" ಒಳಗಿಂದ ಪೇಚಿಯಮ್ಮ ಸಿಡಿಯುತ್ತಾರೆ. "ಇವತ್ತಿನ ಕೂಲಿ ನಿನ್ನ ಮುಳ್ಳು ಕೊಡುತ್ತಾ? ಬೇರೆಯವರಾಗಿದ್ರೆ ಒಂದೇ ಎಳೆತಕ್ಕೆ ಮುಗಿಸ್ತಿದ್ರು!"

"ನಾನೂ ಒಂದ್ಸಲ ಹಾಗೇ ಮುಗಿಸಿದ್ದೆ, ತಾಯಿ."

ಅದಾಗಿ ಹನ್ನೆರಡು ವರ್ಷ. ಜೀಪು ತಂಗಿ ಅಂಗಮ್ಮಾಳ ಗಂಡನದು. "ಹತ್ತು ಗಾಡೀಲಿ ಒಂಬತ್ತಕ್ಕೆ ಸೆನ್ಸರೇ ಕೆಟ್ಟಿರುತ್ತೆ. ಅದು ಹತ್ತನೇದು," ಎನ್ನುತ್ತಾರೆ ಒಚ್ಚಪ್ಪನ್. ಸಂಜೆ ಹೊಸ ಸೆನ್ಸರ್ ಹಾಕೋಣವೆಂದು ಬೆಳಿಗ್ಗೆ ಬೊಟ್ಟು ಅಳಿಸಿ ಕಳಿಸಿದ್ದರು. ಸಂಜೆ ಘಟ್ಟ ಇಳಿಯುವಾಗ ಕಾದ ಎಂಜಿನ್ ಒಳಗೇ ಕಚ್ಚಿಕೊಂಡು ಸೀಜ್ ಆಗಿ, ಹಿಂದಿನ ಚಕ್ರಗಳು ಬಿಗಿದುಕೊಂಡವು. ಭಾವಮೈದುನನ ಜತೆ ನಾಲ್ವರು ಹೆಂಗಸರು ಕಣಿವೆ ಸೇರಿದರು, ಯಾರೂ ಉಳಿಯಲಿಲ್ಲ. ಬ್ರೇಕಿನ ದೋಷವೆಂದರು ಎಲ್ಲರೂ. ಒಚ್ಚಪ್ಪನ್ ಕಡೆ ಯಾರೂ ಬೊಟ್ಟು ಮಾಡಲಿಲ್ಲ. ಅವರೇ ಹೋಗಿ ತಂಗಿಗೆ ನಿಜ ಹೇಳಿದರು. ಅಷ್ಟರಲ್ಲಿ ಅವಳ ಹಣೆಯ ಬೊಟ್ಟನ್ನೂ ಅಳಿಸಿಯಾಗಿತ್ತು. ಆಮೇಲೆ ಅವಳು ಅಣ್ಣನ ಜತೆ ಒಂದು ಮಾತೂ ಆಡಿಲ್ಲ.

ಅಂದಿನಿಂದ ದಿನವೂ ನಾಲ್ಕಕ್ಕೆಲ್ಲ ಒಚ್ಚಪ್ಪನ್ ಈ ಸ್ಟ್ಯಾಂಡಿನಲ್ಲಿ ಹಾಜರು. ಆರರೊಳಗೆ ಹದಿನೈದು ಜೀಪುಗಳ ಬೊಟ್ಟು ನೋಡುತ್ತಾರೆ. ಡ್ರೈವರುಗಳು ಇಟ್ಟ ಹೆಸರು 'ಬಿ.ಪಿ. ಡಾಕ್ಟರು'. ತಮ್ಮ ಬಿ.ಪಿ.ಯನ್ನು ಅವರು ಒಮ್ಮೆಯೂ ನೋಡಿಸಿಕೊಂಡಿಲ್ಲ.

ಜೀಪಿನೊಳಗೆ ಬೈಗುಳ ಏರುತ್ತಿದೆ. ಕಾಸಿಮಾಯನ್ ತಾನೇ ವೈರಿಗೆ ಕೈ ಹಾಕಲು ಇಳಿಯುತ್ತಾನೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಬುತ್ತಿ ಹಿಡಿದ ಹೆಂಗಸೊಬ್ಬಳು ಕೆಳಗಿಳಿಯುತ್ತಾಳೆ. ಅಂಗಮ್ಮಾಳ್. ಅಣ್ಣನ ಕಡೆ ನೋಡುವುದಿಲ್ಲ.

"ಪೇಚಿ, ಇಳಿ," ಅನ್ನುತ್ತಾಳೆ, ಅಷ್ಟೇ.

ಗೊಣಗುತ್ತಾ ಪೇಚಿಯಮ್ಮ ಇಳಿಯುತ್ತಾರೆ. ಹಿಂದೆಯೇ ಉಳಿದವರು. ಬೇರೆ ಜೀಪುಗಳೆಲ್ಲ ಆಗಲೇ ಭರ್ತಿ. ಹನ್ನೊಂದು ಮನೆಯ ಇವತ್ತಿನ ಕೂಲಿ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ತಳ ಬಿಚ್ಚಿದಾಗ, ಆಯಿಲ್ ಹೀರುವ ಜರಡಿಗೆ ಹಿಂದಿನ ರಿಪೇರಿಯಲ್ಲಿ ಯಾರೋ ಸಂದಿಗೆ ದಂಡಿಯಾಗಿ ಮೆತ್ತಿದ್ದ ಗ್ಯಾಸ್ಕೆಟ್ ಪೇಸ್ಟಿನ ಚೂರುಗಳು ಅಂಟಿ ದಾರಿ ಕಟ್ಟಿದ್ದವು. ತೊಳೆದು, ಹೊಸ ಆಯಿಲ್ ತುಂಬಿದ ಮೇಲೆ ಮುಳ್ಳು ನಲವತ್ತೆರಡಕ್ಕೆ ಬಂದು ನಿಂತಿತು. ಹಾಕಿದ್ದು ಅದೇ ಹಳೆಯ ಸೆನ್ಸರ್. ಬೊಟ್ಟು ತಾನಾಗಿ ಆರಿತು.

"ತಂಗಿ ನನ್ನ ಹತ್ರ ಮಾತಾಡಲ್ಲ," ಒಚ್ಚಪ್ಪನ್ ಕೈಯ ಜಿಡ್ಡು ಒರೆಸಿಕೊಳ್ಳುತ್ತಾರೆ. "ಆದ್ರೂ ನನ್ನ ಮಾತು ನಂಬಿ ಗಾಡಿಯಿಂದ ಇಳಿದಳಲ್ಲ. ನಾಳೆ ಇದೇ ಗಾಡಿ ಹತ್ತಿದ್ರೆ ಸಾಕು."