ಗೌರವ್ವನ ಚೀಲದಲ್ಲಿದ್ದ ಚೀಟಿ

ಕೋವಿಡ್ ಕಾಲ ಮುಗಿದ ಮರುವರ್ಷ. ಹಳಿಯಾಳದಲ್ಲಿ ನಾನು ಸಾಮಾನ್ಯ ವೈದ್ಯನಾಗಿ ಕ್ಲಿನಿಕ್ ತೆರೆದು ಹತ್ತೊಂಬತ್ತು ವರ್ಷಗಳಾಗಿದ್ದವು. ತೇರಗಾಂವದ ಗೌರವ್ವ ನನ್ನ ಹಳೆಯ ರೋಗಿ. ಅರವತ್ತೆರಡರ ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ. ಹಣೆಗೆ ವಿಭೂತಿ ಇಲ್ಲದೆ ಅವರನ್ನು ನೋಡಿದ್ದೇ ಇಲ್ಲ. ಮನೆಯಲ್ಲಿ ಚಹಾ ಬಿಟ್ಟರೆ ಬೇರೆ ಅಭ್ಯಾಸವಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು.

ಎರಡು ವರ್ಷಗಳಿಂದ ಅವರ ಸಕ್ಕರೆ ಹಿಡಿತಕ್ಕೆ ಬರುತ್ತಿರಲಿಲ್ಲ. ಮಾತ್ರೆ ತೆಗೆದುಕೊಳ್ಳುವುದನ್ನು ಮರೆಯುತ್ತಿದ್ದರು. ಮೂರು ಸಲ ಬಿದ್ದರು, ಒಮ್ಮೆ ಬಲ ಮುಂಗೈ ಮುರಿಯಿತು. ಸಕ್ಕರೆಯಿಂದ ಕಾಲಿನ ನರಗಳು ಸೋತಿವೆ ಎಂದು ತೀರ್ಮಾನಿಸಿ ನಾನು ಸುಮ್ಮನಾಗಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಸೊಸೆ ಶೋಭಾ ಅವರನ್ನು ಹಿಡಿದುಕೊಂಡು ಬಂದಳು. ಗೌರವ್ವ ಬೆವೆತುಹೋಗಿದ್ದರು, ಕೈ ನಡುಗುತ್ತಿತ್ತು. ಸಕ್ಕರೆ ಇಳಿದಿರಬೇಕೆಂದು ಬೆರಳು ಚುಚ್ಚಿ ನೋಡಿದೆ: 168. ಇಳಿದಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಮೇಲಾಯಿತು, ಮೈ ಸೆಟೆದು ಅದುರತೊಡಗಿತು. ಅದುವರೆಗೆ ಅವರಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು.

“ಏನೇನು ಮಾತ್ರೆ ತಗೋತಾರ, ತೋರ್ಸು” ಎಂದೆ. ಶೋಭಾ ಅತ್ತೆಯ ಚೀಲವನ್ನು ಮೇಜಿನ ಮೇಲೆ ಸುರಿದಳು. ಅಲ್ಪ್ರಾಜೋಲಾಮ್ ಎಂಬ ನಿದ್ರೆ ಮಾತ್ರೆಯ ಹದಿನಾಲ್ಕು ಖಾಲಿ ಸ್ಟ್ರಿಪ್‌ಗಳು ಬಿದ್ದವು. ಜೊತೆಗೆ ಲ್ಯಾಮಿನೇಷನ್ ಮಾಡಿಸಿದ ಒಂದು ಔಷಧ ಚೀಟಿ. ಅಕ್ಷರ ನನ್ನದು. ಆರು ವರ್ಷಗಳ ಹಿಂದೆ, ಅವರ ಗಂಡ ತೀರಿಕೊಂಡ ವಾರ, ‘ರಾತ್ರಿ ಒಂದು, ಐದು ದಿನ’ ಎಂದು ಬರೆದುಕೊಟ್ಟಿದ್ದೆ.

ಗೌರವ್ವನಿಗೆ ಪೂರ್ತಿ ಎಚ್ಚರವಾದ ಮೇಲೆ ಕೇಳಿದೆ, “ದಿನಕ್ಕ ಎಷ್ಟ ತಗೋತಿದ್ರಿ?”

“ಮೊದಲ ಒಂದರೀ. ಈಗ ಆರು. ಇಷ್ಟ ದಿನಾ ಇದ ಚೀಟಿಗೆ ಕೊಡತಿದ್ದ ಅಂಗಡಿಯವ್ರು ಹೊಸಾ ಚೀಟಿ ತರ್ರಿ ಅಂದ್ರು. ಮೂರು ದಿನಾ ಆತು, ಒಂದೂ ಇಲ್ಲ.”

“ನನಗ್ಯಾಕ ಹೇಳಲಿಲ್ಲ?”

“ನೀವು ಸಕ್ಕರಿ ಕೇಳತಿದ್ರಿ, ಬಿಪಿ ಕೇಳತಿದ್ರಿ. ಇದನ್ನ ಯಾವಾಗರ ಕೇಳೀರೇನು, ಡಾಕ್ಟರ್ರ?”

ಅವರ ಬೀಳುವಿಕೆ, ಮರೆವು, ಏರಿದ ಸಕ್ಕರೆ, ಎಲ್ಲದರ ಹಿಂದೆ ಆ ಮಾತ್ರೆಯಿತ್ತು. ಒಮ್ಮೆಲೇ ನಿಲ್ಲಿಸಿದ್ದರಿಂದ ಫಿಟ್ಸ್ ಬಂದಿತ್ತು.

ಧಾರವಾಡದ ಮನೋವೈದ್ಯರ ಹತ್ತಿರ ಹೋಗಲು ಗೌರವ್ವ ಒಪ್ಪಲಿಲ್ಲ. “ಊರಾಗ ನನ್ನ ಹುಚ್ಚಿ ಅಂತಾರ” ಎಂದು ಅತ್ತರು. ಕೊನೆಗೆ ಆ ವೈದ್ಯರೊಡನೆ ಫೋನಿನಲ್ಲಿ ಮಾತಾಡಿ, ಸಕ್ಕರೆ ತಪಾಸಣೆಯ ದಿನವೇ ನನ್ನ ಕ್ಲಿನಿಕ್ಕಿನಲ್ಲೇ ಇದನ್ನೂ ನೋಡುವುದೆಂದು ಗೊತ್ತುಮಾಡಿದೆವು. ನಿಧಾನವಾಗಿ ಕೆಲಸ ಮಾಡುವ ಅದೇ ಜಾತಿಯ ಮಾತ್ರೆಗೆ ಬದಲಿಸಿ, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿದೆವು. ಮಾತ್ರೆ ಶೋಭಾಳ ಕೈಯಲ್ಲಿರುತ್ತಿತ್ತು. ನಾಲ್ಕನೆಯ ತಿಂಗಳು ಗೌರವ್ವ ಮುಂಡಗೋಡದಲ್ಲಿ ಒಂದು ಸ್ಟ್ರಿಪ್ ಕೊಂಡು, ಮರುದಿನ ತಾವೇ ತಂದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಎರಡು ಕಡಿಮೆ ಇದ್ದವು. ನಾನು ಬೈಯಲಿಲ್ಲ. ಹನ್ನೊಂದು ತಿಂಗಳಿಗೆ ಪೂರ್ತಿ ನಿಂತಿತು. ಆಮೇಲೆ ಅವರು ಬಿದ್ದಿಲ್ಲ. ಮುಂಗೈ ಮಾತ್ರ ಸೊಟ್ಟಗೇ ಉಳಿಯಿತು.

ಆ ನಡುವೆ ನನ್ನ ಹಳೆಯ ದಾಖಲೆ ತೆಗೆದು, ನಾನು ಅದೇ ಮಾತ್ರೆ ಬರೆದುಕೊಟ್ಟಿದ್ದ ರೋಗಿಗಳನ್ನು ಕರೆಸಿದ್ದೆ. ಏಳು ಜನ ಬಂದರು. ನಾಲ್ವರು ಇನ್ನೂ ನುಂಗುತ್ತಿದ್ದರು. ಚಟವಿರುವವರು ಹೇಗಿರುತ್ತಾರೆಂದು ನೋಡಿದರೇ ತಿಳಿಯುತ್ತದೆ ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಈಗ ಯಾರೇ ಬರಲಿ, ಜೊತೆಯವರನ್ನು ಹೊರಗೆ ಕೂರಿಸಿ, ನಿದ್ರೆ ಮಾತ್ರೆಯೋ ಬೇರೆ ಚಟವೋ ಇದೆಯೇ ಎಂದು ಕೇಳುತ್ತೇನೆ. ಕೇಳಿದ ಮೇಲೆ ಉತ್ತರ ಬರುವತನಕ ಸುಮ್ಮನೆ ಕಾಯುವುದನ್ನು ಕಲಿತಿದ್ದೇನೆ.